ಕ್ಯೂಬ್ ಒಡೆಯುವವರ ಕ್ವಾರ್ಟರ್ಸು

ಕಟ್ಟಡ ಕಟ್ಟುವುದನ್ನು ಕಲಿಯಲು ಫೀಸು ಕೊಟ್ಟು, ಕಾಂಕ್ರೀಟು ಒಡೆಯುವುದಕ್ಕೆ ಸಂಬಳ ಎಣಿಸುವ ಮನುಷ್ಯ ಸಂತು. ಗೋರೆಗಾಂವ್‌ನ ಸಿವಿಲ್ ಎಂಜಿನಿಯರಿಂಗ್ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಅವನು ಗುತ್ತಿಗೆ ನೌಕರ. ಕೊರಳಿನ ಐಡಿ ಕಾರ್ಡಿನಲ್ಲಿ ಟೆಕ್ನಿಕಲ್ ಅಸಿಸ್ಟೆಂಟ್ ಎಂದಿದೆ. ಮದುವೆ ಮನೆಗಳಲ್ಲಿ ಯಾರಾದರೂ ಕೇಳಿದರೆ 'ಯೂನಿವರ್ಸಿಟಿಯಲ್ಲಿದ್ದೇನೆ' ಎಂದಷ್ಟೇ ಹೇಳಿ ಬಾಯಿ ಮುಚ್ಚುತ್ತಾನೆ. ಕೇಳಿದವರು ಪ್ರೊಫೆಸರ್ ಎಂದುಕೊಂಡರೆ ಅದು ಅವರ ತಪ್ಪು.

ಲ್ಯಾಬಿನ ಕೆಲಸ ಹೇಳಿದರೆ ಇಷ್ಟೇ. ಫ್ಲೈಓವರ್, ಮೆಟ್ರೋ, ಟವರ್ ಯಾವುದೇ ಇರಲಿ, ಅಲ್ಲಿ ಸುರಿಯುವ ಕಾಂಕ್ರೀಟಿನಿಂದ ಗೇಣುದ್ದದ ಚೌಕ ಗಟ್ಟಿಗಳನ್ನು ಮಾಡಿ ಇಲ್ಲಿಗೆ ಕಳಿಸುತ್ತಾರೆ. ಅದಕ್ಕೆ ಕ್ಯೂಬ್ ಎಂದು ಹೆಸರು. ನಾಲ್ಕು ವಾರ ನೀರಿನ ತೊಟ್ಟಿಯಲ್ಲಿ ನೆನೆದ ಕ್ಯೂಬನ್ನು ಯಂತ್ರದ ದವಡೆಗೆ ಕೊಟ್ಟು, ಎಷ್ಟು ಭಾರಕ್ಕೆ ಒಡೆಯಿತೆಂದು ನೋಡಬೇಕು. ಎತ್ತಿಡುವುದು ಸಂತುವಿನ ಕೆಲಸ, ಸಹಿ ಮಾಡುವುದು ಸಾಹೇಬರದ್ದು.

ಅದೇ ಲ್ಯಾಬಿನಲ್ಲಿ ಅವನ ಅಪ್ಪ ಧರ್ಮಣ್ಣ ಪರ್ಮನೆಂಟ್ ಅಟೆಂಡರ್. ವಿಜಯಪುರದ ಕಡೆಯಿಂದ ಬಂದವನು ಈ ವಿಶ್ವವಿದ್ಯಾಲಯದ ಮೊದಲ ಕಟ್ಟಡಕ್ಕೆ ಬುಟ್ಟಿ ಹೊತ್ತು, ಕಟ್ಟಡ ಮುಗಿದಾಗ ಹೊರಗೆ ಹೋಗುವುದನ್ನು ಮರೆತು ಉಳಿದುಬಿಟ್ಟವನು. ಅದಕ್ಕೂ ಮುಂಚೆ ಇಲ್ಲಿದ್ದದ್ದು ಓವರ್‌ಸಿಯರುಗಳನ್ನು ತಯಾರು ಮಾಡುವ ತಗಡಿನ ಶೆಡ್ಡಿನ ಶಾಲೆ. ಆಮೇಲೆ ಕಾಲೇಜಾಯಿತು, ಈಗ ವಿಶ್ವವಿದ್ಯಾಲಯ. ಹೆಸರು ಬದಲಾದಾಗಲೆಲ್ಲ ಹೊಸ ಬೋರ್ಡನ್ನು ಏಣಿ ಹತ್ತಿ ನಿಲ್ಲಿಸಿದವನು ಧರ್ಮಣ್ಣನೇ. ಕಾಲೇಜು ಕಾಲದ ಹಳೆ ಬೋರ್ಡು ಈಗ ಅವನ ಮನೆಯಲ್ಲಿ ಹಾಸಿಗೆ ಸುತ್ತಿಡುವ ಹಲಗೆ. "ನಮ್ಮವ್ವ ಕಾಲೇಜಿನ ಮ್ಯಾಲ ಹಾಸಿಗಿ ಇಟ್ಟಾಳ, ನಾ ಬರೇ ಡಿಪ್ಲೊಮಾ ಮಾಡೇನಿ," ಎಂದು ಸಂತು ಗೆಳೆಯರಲ್ಲಿ ಹೇಳಿಕೊಳ್ಳುವುದುಂಟು.

ಮನೆಯೆಂದರೆ ಕ್ಯಾಂಪಸ್ಸಿನ ಹಿಂಬದಿಯ ಕ್ವಾರ್ಟರ್ಸಿನಲ್ಲಿ ಮೊದಲ ಮಹಡಿಯ ಒಂದೇ ಕೋಣೆಯ ಖೋಲಿ, ಮುಂದೊಂದು ಬಾಲ್ಕನಿಯಂಥ ಗ್ಯಾಲರಿ. ಧರ್ಮಣ್ಣನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಅಷ್ಟರೊಳಗೆ ಮಗ ಪರ್ಮನೆಂಟ್ ಆದರೆ ಖೋಲಿ ಮಗನ ಹೆಸರಿಗೆ ಬರುತ್ತದೆ. ಆಗದಿದ್ದರೆ ಮುಂಬಯಿಯಲ್ಲಿ ಈ ಕುಟುಂಬಕ್ಕೆ ಕಾಲಿಡಲು ಬೇರೆ ಜಾಗವಿಲ್ಲ. ತಾಯಿ ನಾಗವ್ವನ ಎಲ್ಲ ಹರಕೆಗಳೂ ಇದೊಂದೇ ವಿಷಯಕ್ಕಿದ್ದವು.

ಕ್ವಾರ್ಟರ್ಸಿನಲ್ಲಿ ಒಂದು ರೂಢಿಯಿತ್ತು. ಲ್ಯಾಬಿನಲ್ಲಿ ಅರ್ಧ ಒಡೆದ, ಹೆಚ್ಚುವರಿಯಾಗಿ ಉಳಿದ ಕ್ಯೂಬುಗಳನ್ನು ಮನೆಗೆ ತರುವುದು. ತುಳಸಿಕಟ್ಟೆ ಅದರದ್ದು, ಬಟ್ಟೆ ಒಗೆಯುವ ಕಲ್ಲು ಅದರದ್ದು, ಮಂಚದ ಕಾಲಿಗೆ ಎತ್ತರ ಕೊಟ್ಟದ್ದೂ ಅದೇ. ಧರ್ಮಣ್ಣ ಎಲ್ಲರಿಗಿಂತ ಒಂದು ಕೈ ಮುಂದೆ. ಮಳೆಗಾಲದಲ್ಲಿ ಗ್ಯಾಲರಿಯ ನೀರು ಖೋಲಿಗೆ ನುಗ್ಗುತ್ತಿತ್ತೆಂದು ಇಡೀ ಗ್ಯಾಲರಿಗೆ ಕ್ಯೂಬು ಹಾಸಿ, ಸಂದಿಗೆ ಸಿಮೆಂಟು ತುಂಬಿ, ನೆಲವನ್ನೇ ಎತ್ತರಿಸಿದ್ದ. ಬೇಕಾಬಿಟ್ಟಿ ಕ್ಯೂಬುಗಳಲ್ಲ, ಸೇತುವೆಗೆಂದು ಮಾಡಿದ, ಯಂತ್ರಕ್ಕೂ ಬೆವರಿಳಿಸಿದ ಕ್ಯೂಬುಗಳು. ಗಟ್ಟಿ ವಸ್ತು ಮೇಲಿದ್ದರೆ ಕೆಳಗಿನದೂ ಗಟ್ಟಿಯಾಗುತ್ತದೆ ಎಂಬುದು ಅವನ ನಂಬಿಕೆ. ಗೋಡೆಯಿಂದ ಹೊರಕ್ಕೆ ಚಾಚಿ ನಿಂತ ಗ್ಯಾಲರಿಗೆ ಅದೆಲ್ಲ ಬರೀ ಹೊರೆ ಎಂಬುದು ಡಿಪ್ಲೊಮಾ ಪಡೆದ ಮಗನಿಗೆ ಗೊತ್ತಿತ್ತು. ಗೊತ್ತಿದ್ದೂ ದಿನಾ ಅದರ ಮೇಲೆಯೇ ಕುಳಿತು ಚಹಾ ಕುಡಿಯುತ್ತಿದ್ದ.

ಆ ವರ್ಷ ಉಪನಗರದಲ್ಲೆಲ್ಲೋ ಒಂದು ಕಟ್ಟಡ ಕುಸಿಯಿತು. ಊರಿನ ಕಟ್ಟಡಗಳಿಗೆಲ್ಲ ಸರ್ಟಿಫಿಕೇಟು ಕೊಡುವ ವಿಶ್ವವಿದ್ಯಾಲಯಕ್ಕೆ ತನ್ನ ಕ್ವಾರ್ಟರ್ಸು ಆಗ ನೆನಪಾಯಿತು. ಕಟ್ಟಡ ಎಷ್ಟು ಭದ್ರವೆಂದು ನೋಡುವ ಆಡಿಟ್‌ಗೆ ಬರುವವರು ಸ್ನೇಹಲ್ ಮೇಡಂ, ಸಂತುವಿಗಿಂತ ಒಂದೆರಡು ವರ್ಷ ದೊಡ್ಡವರಾದ, ಮರಾಠಿ ಮನೆಮಾತಿನ ಸಿವಿಲ್ ಪ್ರೊಫೆಸರ್. ಅವರ ಹಿಂದೆ ಕಾಂಕ್ರೀಟಿನ ಗಟ್ಟಿತನ ಅಳೆಯುವ ಸುತ್ತಿಗೆ ಹಿಡಿಯುವವನು ಸಂತು.

ಸುದ್ದಿ ಹಬ್ಬಿದ್ದೇ ತಡ, ಕೆಳಗಿನ ಖೋಲಿಯ ನೀಲಾವತಿ ಅವನನ್ನು ಮೆಟ್ಟಿಲಲ್ಲೇ ತಡೆದಳು. ಉಡುಪಿ ಕಡೆಯವಳು, ಗಂಡ ಯೂನಿವರ್ಸಿಟಿ ಕ್ಯಾಂಟೀನಿನ ಅಡುಗೆಯವನು. ಧರ್ಮಣ್ಣನ ಗ್ಯಾಲರಿಯ ನೆರಳಿನಲ್ಲಿ ಕುಳಿತು ಕ್ಯಾಂಟೀನಿಗೆ ತರಕಾರಿ ಹೆಚ್ಚುವುದು ಅವಳ ದಿನದ ಕೆಲಸ.

"ಸಂತೂ, ನೀನೇ ಅಂತೆ ಅಲ್ವಾ ಹೊಡೆಯುವುದು? ಸ್ವಲ್ಪ ಮೆಲ್ಲ ಹೊಡಿ ಮಾರಾಯ."

"ಮೆತ್ತಗ ಹೊಡದ್ರೂ ಜೋರ್ ಹೊಡದ್ರೂ ಒಂದೇ ಆಂಟಿ. ಅದರೊಳಗ ಸ್ಪ್ರಿಂಗ್ ಇರ್ತದ, ಅದೇ ಹೊಡಿತದ."

"ಹಾಗಾದ್ರೆ ನಿನಗೆ ಸಂಬಳ ಎಂತದಕ್ಕೆ ಕೊಡುವುದು?"

ಈ ಪ್ರಶ್ನೆಯನ್ನು ಸಂತು ತನ್ನನ್ನೇ ಆಗಾಗ ಕೇಳಿಕೊಂಡದ್ದುಂಟು.

ಆಡಿಟ್‌ನ ಹಿಂದಿನ ದಿನ ಭಾನುವಾರ. ಮೇಡಂ ಬರುವ ಮೊದಲು ಗ್ಯಾಲರಿಯ ಹೊರೆ ಇಳಿಸಿಬಿಡೋಣವೆಂದು ಸಂತು ಅಪ್ಪನನ್ನು ಕಾಡಿ ಬೇಡಿ ಒಪ್ಪಿಸಿದ. ಧರ್ಮಣ್ಣ ಗೊಣಗುತ್ತಲೇ ಹಾರೆ ಹಾಕಿದ. ಗೋಡೆಯ ಬುಡದ ಸಾಲನ್ನು ಎತ್ತಿದಾಗ ಅಡಿಯಿಂದ ಕೊಳೆತ ನೀರಿನ ವಾಸನೆ ಬಂತು. ಗ್ಯಾಲರಿ ಗೋಡೆಗೆ ಕೂಡುವ ಕಡೆ ಈ ತುದಿಯಿಂದ ಆ ತುದಿಗೆ ಬೆರಳು ತೂರುವಷ್ಟು ಬಿರುಕು. ಸಂತು ಸ್ಕ್ರೂಡ್ರೈವರ್ ಇಳಿಸಿ ಕೆದಕಿದ. ಗ್ಯಾಲರಿಯನ್ನು ಹಿಡಿದು ನಿಲ್ಲಿಸಬೇಕಾದ ಸರಳು ತುಕ್ಕಾಗಿ, ಸಿಪ್ಪೆ ಸಿಪ್ಪೆಯಾಗಿ ಮೇಲೆ ಬಂತು. ಮಳೆಯ ನೀರು ಖೋಲಿಗೆ ನುಗ್ಗುವುದು ನಿಂತಿತ್ತು ನಿಜ; ಇಷ್ಟು ವರ್ಷ ಅದು ಕ್ಯೂಬಿನಡಿಯಲ್ಲಿ ಮನೆ ಮಾಡಿಕೊಂಡಿತ್ತು.

"ಬೀಳತೈತೇನೋ?" ನಾಗವ್ವ ಬಾಗಿಲಲ್ಲಿ ನಿಂತು ಕೇಳಿದಳು.

"ಬೀಳತೈತಿ."

"ಯಾವಾಗ?"

"ಅದು ಗೊತ್ತಿಲ್ಲವ್ವಾ."

"ಅದೇ ಗೊತ್ತಿಲ್ಲಂದ್ರ ಡಿಪ್ಲೊಮಾದಾಗ ಏನ್ ಕಲಿಸಿದ್ರಲೇ ನಿನಗ?" ಧರ್ಮಣ್ಣ ಹಾರೆಯನ್ನು ಗೋಡೆಗೆ ಒರಗಿಸಿದ. "ಇಷ್ಟ್ ವರ್ಷ ನಿಂತೈತಿ. ಇನ್ನೆರಡು ವರ್ಷ ನಿಲ್ಲಂಗಿಲ್ಲೇನು? ಇದನ್ನ ನೋಡಿದ್ರ ಆ ಪ್ರೊಫೆಸರ್ ಬಾಯಿ ಇಡೀ ಬಿಲ್ಡಿಂಗ್ ಖಾಲಿ ಮಾಡಸ್ತಾಳ. ನಿಮ್ಮವ್ವನ್ನ ಎಲ್ಲಿಡ್ತಿ, ಸ್ಟೇಷನ್‌ದಾಗ?"

"ಕೆಳಗ ನೀಲಾವತಿ ಆಂಟಿ ಕುಂದರ್ತಾಳಲ್ಲಪ್ಪಾ."

"ಬ್ಯಾರೆ ಕಡೆ ಕುಂದ್ರು ಅಂತ ಹೇಳು."

ಸಂತು ಹೇಳಿದ. ಬೇರೆ ಕಡೆ ಗಾಳಿ ಚೆನ್ನಾಗಿದೆ ಎಂದು ಹೇಳಿದ, ಧೈರ್ಯ ಅಷ್ಟರ ಮಟ್ಟಿಗೇ ಇತ್ತು. "ನನಗೆ ಇಲ್ಲಿಯೇ ನೆರಳುಂಟು, ನೀನು ಗಾಳಿ ತಗೊ," ಎಂದು ಅವಳು ಬೀನ್ಸಿನ ನಾರು ಬಿಡಿಸುತ್ತ ಕುಳಿತಳು. ಸಂತು ಮೇಲೆ ಬಂದು ಅಪ್ಪನ ಜೊತೆ ಕೂಡಿ ಗೋಡೆಯ ಬುಡದ ಕ್ಯೂಬುಗಳನ್ನು ಮತ್ತೆ ಜೋಡಿಸಿದ. ನಾಗವ್ವ ಮೇಲೊಂದು ಚಾಪೆ ಹಾಸಿದಳು. ಮೂವರೂ ಕಳ್ಳತನದ ಪಾಲು ಹಂಚಿಕೊಂಡವರ ಹಾಗೆ ಬಾಗಿಲು ಹಾಕಿಕೊಂಡು ಉಂಡರು.

ಮರುದಿನ ಸ್ನೇಹಲ್ ಮೇಡಂ ಬಂದರು. ಟಾರ್ಚಿನಂತಿದ್ದ ಸುತ್ತಿಗೆಯನ್ನು ಸಂತು ಕಂಬಕ್ಕೊತ್ತಿ ಅಂಕಿ ಓದಿದ, ಅವರು ಬರೆದುಕೊಂಡರು. ಕಂಬಗಳು ಹೇಗೋ ಪಾಸಾಗುವ ಹಾಗಿದ್ದವು. ಕೊನೆಗೆ ಅವನ ಖೋಲಿಗೇ ಬಂದರು. ನಾಗವ್ವ ಚಹಾ ಕೊಟ್ಟಳು, ಧರ್ಮಣ್ಣ ಕೈಕಟ್ಟಿ ನಿಂತ. ಮೇಡಂ ಲೋಟ ಹಿಡಿದುಕೊಂಡೇ ಗ್ಯಾಲರಿಯ ಕಡೆ ನಡೆದು, ಚಾಪೆಯ ಮೇಲೆ ಒಂದು ಕಾಲಿಟ್ಟರು. ಕೆಳಗೆ ನೀಲಾವತಿ ಯಾರ ಮೇಲೋ ರೇಗುತ್ತಿದ್ದ ದನಿ ಕೇಳುತ್ತಿತ್ತು.

"ಮೇಡಂ, ಮತ್ ಜಾಯಿಯೇ!"

ಹೋಗಬೇಡಿ ಎನ್ನುತ್ತಲೇ ಸಂತು ಅವರ ತೋಳು ಹಿಡಿದು ಎಳೆದುಬಿಟ್ಟಿದ್ದ. ಚಹಾ ಅವರ ಕುರ್ತಾದ ಮೇಲೆ ಚೆಲ್ಲಿತು. ಸತ್ಯ ಹೇಳಬೇಕೆಂದು ಮಾಡಿದ್ದಲ್ಲ. ಸುಮ್ಮನಿರುವುದೆಂದು ರಾತ್ರಿಯೆಲ್ಲ ಗಟ್ಟಿ ಮಾಡಿಕೊಂಡಿದ್ದ. ಗಟ್ಟಿಯಾಗಿರಲಿಲ್ಲ, ಅಷ್ಟೇ.

"ಕ್ಯೋಂ? ಕ್ಯಾ ಹೈ ಉಧರ್?" ಅಲ್ಲೇನಿದೆ ಎಂದು ಮೇಡಂ ಕೇಳಿದರು. ಅವನು ಚಾಪೆ ಮಡಚಿ, ಗೋಡೆಯ ಬುಡದ ಕ್ಯೂಬು ಎತ್ತಿ ತೋರಿಸಿದ.

ಕಟ್ಟಡ ವಾಸಕ್ಕೆ ಅಪಾಯಕರ ಎಂದು ವರದಿಯಾಯಿತು. ತಿಂಗಳೊಳಗೆ ನೀರು, ಕರೆಂಟು ಕಿತ್ತರು. ಹೊಸ ಕ್ವಾರ್ಟರ್ಸು ಎದ್ದಾಗ ಆಗ ಪರ್ಮನೆಂಟ್ ನೌಕರಿಯಲ್ಲಿರುವವರಿಗೆ ಮಾತ್ರ ಖೋಲಿ ಎಂದು ನೋಟಿಸು ಬಂತು. ಧರ್ಮಣ್ಣ ಅಷ್ಟರಲ್ಲಿ ನಿವೃತ್ತನಾಗಿರುತ್ತಾನೆ. ಸಂತುವಿನ ಗುತ್ತಿಗೆಯನ್ನು ಮಾತ್ರ ನವೀಕರಿಸಿದರು, ಗುತ್ತಿಗೆಯಾಗಿಯೇ. ಮೇಡಂ ಅವನ ಪ್ರಾಮಾಣಿಕತೆಯನ್ನು ಮೀಟಿಂಗಿನಲ್ಲಿ ಹೊಗಳಿದರಂತೆ. ಆ ಮೀಟಿಂಗಿಗೆ ಗುತ್ತಿಗೆಯವರನ್ನು ಕರೆದಿರಲಿಲ್ಲ. ಧರ್ಮಣ್ಣನ ಕುಟುಂಬ ದೂರದ ವಿರಾರ್ ಆಚೆ ಒಂದು ಬಾಡಿಗೆ ಖೋಲಿಗೆ ಹೋಯಿತು. ಅಲ್ಲಿ ಉಪ್ಪು ನೀರು, ನಾಗವ್ವನಿಗೆ ಮೈತುಂಬ ತುರಿಕೆ. ಮಂಡಿ ನೋವಿನ ಧರ್ಮಣ್ಣ ಹಿಂದೆ ಹತ್ತು ಹೆಜ್ಜೆಯಲ್ಲಿದ್ದ ಲ್ಯಾಬಿಗೆ ಈಗ ಲೋಕಲ್‌ನಲ್ಲಿ ನೇತಾಡುತ್ತ ಬರುತ್ತಿದ್ದ. ಮಗನೊಂದಿಗೆ ಮಾತು ಬಿಟ್ಟಿದ್ದ. ಯಂತ್ರದ ಎರಡೂ ಬದಿಗೆ ನಿಂತು ಇಬ್ಬರೂ ಕ್ಯೂಬು ಒಡೆಯುತ್ತಿದ್ದರು.

ಕ್ವಾರ್ಟರ್ಸು ಕೆಡಹುವ ದಿನ ಹಳೆಯ ನೆರೆಹೊರೆ ಬಂದು ನಿಂತಿತ್ತು. ಧರ್ಮಣ್ಣ ಮೊದಲೇ ಬಂದಿದ್ದ, ಸಂತುವೂ ಹೋದ. ಗ್ಯಾಲರಿ ತಾನಾಗಿ ಬೀಳುವಂಥದ್ದಾಗಿತ್ತೆಂದು ಇಂದಾದರೂ ಎಲ್ಲರೂ ನೋಡಲಿ ಎಂಬ ಆಸೆ, ನಾಚಿಕೆಗೇಡಿನದೇ ಆದರೂ, ಅವನಿಗಿತ್ತು. ಕೆಡಹುವ ಯಂತ್ರದ ಕೈ ಗೋಡೆಯ ಕಡೆ ಚಾಚಿತು, ತುದಿ ಗ್ಯಾಲರಿಗೆ ತಗುಲಿತೋ ಇಲ್ಲವೋ, ಅದು ಒಮ್ಮೆಗೇ ಕಳಚಿ ನೀಲಾವತಿ ಕೂರುತ್ತಿದ್ದ ಜಾಗದ ಮೇಲೆ ಬಿತ್ತು. ಧೂಳೆದ್ದಿತು.

"ಅಷ್ಟು ದೊಡ್ಡ ಮಷೀನು ಹೊಡೆದ್ರೆ ಎಂತದ್ದು ಬೀಳುವುದಿಲ್ಲ?" ಎಂದಳು ನೀಲಾವತಿ, ಸೆರಗಿನಿಂದ ಮೂಗು ಮುಚ್ಚಿಕೊಂಡು. "ಸುಮ್ಮನೆ ಇವನು ಎಲ್ಲರನ್ನೂ ಬೀದಿಗೆ ಹಾಕಿದ."

ಸುತ್ತಲಿದ್ದವರು ಹೌದೆಂದು ತಲೆಯಾಡಿಸಿದರು. ಸಂತು ಅಪ್ಪನ ಮುಖ ನೋಡಿದ. ಧರ್ಮಣ್ಣ ಬಿದ್ದ ರಾಶಿಯನ್ನೂ ನೋಡಲಿಲ್ಲ, ನೀಲಾವತಿಗೂ ಏನೂ ಹೇಳಲಿಲ್ಲ. ಊಟದ ಡಬ್ಬಿಯ ಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡ.

"ನಡಿ. ಗಾಡಿ ಗರ್ದಿ ಆಗ್ತೈತಿ," ಎಂದು, ಮಗನಿಗಾಗಿ ಕಾಯದೆ ಸ್ಟೇಷನ್ನಿನ ಕಡೆ ಕುಂಟುತ್ತ ಹೊರಟ.