ಗೋಡೆಯಾಚೆಯ ಬಿಸಿ

ಗೆರೆಯಣ್ಣ ಇಸ್ತ್ರಿ ಅಂಗಡಿ ಮುಚ್ಚಿದ್ದನ್ನು ಆ ಬೀದಿ ಕಂಡಿರಲಿಲ್ಲ. ಮೈ ಸುಡುವ ಜ್ವರವಿದ್ದರೂ ಬಾಯ್ಲರ್ ಹಚ್ಚುತ್ತಿದ್ದ, ಬೆನ್ನು ಹಿಡಿದುಕೊಂಡರೂ ಹಚ್ಚುತ್ತಿದ್ದ, ಹೆಂಡತಿಯ ಜೊತೆ ಜಗಳವಾದ ದಿನವಂತೂ ಕೋಳಿ ಕೂಗುವ ಮೊದಲೇ ಹಚ್ಚುತ್ತಿದ್ದ. ಅವನು ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆಗೆ ಕೈ ತಾಗಿದರೆ ಕುಯ್ದುಹೋಗುತ್ತದೆ ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದ. ಅಪ್ಪ ಅಮ್ಮ ಇಟ್ಟ ಹೆಸರು ಯಾವುದೆಂದು ಯಾರಾದರೂ ಕೇಳಿದರೆ ಅವನೂ ಒಂದು ಗಳಿಗೆ ಯೋಚಿಸಬೇಕಾಗುತ್ತಿತ್ತೇನೋ. ಆಳು ದಪ್ಪ, ಮಾತು ತೆಳು. ಆ ಮನೆಗೆ ಬೇಕಾದ ಮಾತನ್ನೆಲ್ಲ ಹೆಂಡತಿಯೇ ಗುತ್ತಿಗೆ ಹಿಡಿದಿದ್ದಳು.

ಮನೆ ಎಂದರೆ ಮುಂದೆ ಅಂಗಡಿ, ಹಿಂದೆ ಒಂದು ಕೋಣೆ, ಅದಕ್ಕೆ ಅಂಟಿಕೊಂಡ ಅಡುಗೆಮನೆ. ಅಂಗಡಿಗೂ ಕೋಣೆಗೂ ನಡುವೆ ಒಂದೇ ಗೋಡೆ. ಇಸ್ತ್ರಿಗೆ ಆವಿ ಕೊಡುವ ಬಾಯ್ಲರ್ ಆ ಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು. ಬೇಸಿಗೆಯಲ್ಲಿ ಕೋಣೆಯೊಳಗೆ ಕಾಲಿಡುವ ಹಾಗಿರಲಿಲ್ಲ. "ನರಕಕ್ಕೆ ಹೋದ್ರೂ ನಮಗೆ ಹೊಸದು ಅನ್ಸಲ್ಲ ಬಿಡಿ, ಅಭ್ಯಾಸ ಆಗಿದೆ" ಎಂದು ಅವಳು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಅವನಿಗೆ ಜಗತ್ತಿನಲ್ಲಿ ಸುಖವೆಂದರೆ ಒಂದೇ, ತಂಪು. ಕೆಲಸ ಮುಗಿಸಿ ನಲ್ಲಿಯ ಕೆಳಗೆ ತಲೆಯೊಡ್ಡಿ ನಿಂತರೆ ಅಲ್ಲೇ ನಿದ್ದೆ ಹೋಗುವವನ ಹಾಗೆ ಕಣ್ಣು ಮುಚ್ಚುತ್ತಿದ್ದ.

ಆ ಕೋಣೆಗೆ ಸಮುದ್ರ ಬಂದದ್ದು ಹಲ್ಲಿನ ಡಾಕ್ಟರ್ ಒಬ್ಬರ ದೆಸೆಯಿಂದ. ಅವರು ಊರು ಬಿಟ್ಟು ಹೊರಟಿದ್ದರು. ಅವರ ಬಿಳಿ ಕೋಟುಗಳನ್ನು ಕೊಟ್ಟು ಬರುತ್ತೇನೆಂದು ಹೋದವಳು ಸೂಟ್‌ಕೇಸಿನಷ್ಟು ದೊಡ್ಡ ಗಾಜಿನ ತೊಟ್ಟಿಯನ್ನು ಕೈಗಾಡಿಯಲ್ಲಿ ಹೇರಿಕೊಂಡು ಬಂದಳು. ಎರಡು ಕ್ಯಾನುಗಳಲ್ಲಿ ಉಪ್ಪುನೀರು, ಒಂದಿಷ್ಟು ತೂತುತೂತಾದ ಕಲ್ಲು, ಗುಳುಗುಳು ಎನ್ನುವ ಒಂದು ಪಂಪು, ಪ್ಲಾಸ್ಟಿಕ್ ಚೀಲದಲ್ಲಿ ಎರಡು ಕಿತ್ತಳೆ ಬಣ್ಣದ ಮೀನು. ಮೈಮೇಲೆ ಬಿಳಿ ಪಟ್ಟೆ, ಯಾರೋ ಬೆಲ್ಟು ಕಟ್ಟಿ ಕಳಿಸಿದ ಹಾಗೆ.

"ತಿನ್ನೋಕಾ?" ಎಂದು ಕೇಳಿದ ಗೆರೆಯಣ್ಣ.

"ನಿಮ್ಮ ತಲೆ!" ಎಂದಳು.

ತೊಟ್ಟಿ ಅದೇ ಗೋಡೆಯ ಪಕ್ಕದ ಕಲ್ಲಿನ ಹಲಗೆಯ ಮೇಲೆ ಕೂತಿತು. ಅವನು ಮೊದಮೊದಲು ಗೊಣಗಿದ. ಎಲ್ಲೆಲ್ಲೂ ಉಪ್ಪು. ಮುಚ್ಚಳದ ಅಂಚಿನಲ್ಲಿ ಬಿಳಿ ಹೆಪ್ಪು ಕಟ್ಟುತ್ತಿತ್ತು, ಅವಳ ಒದ್ದೆ ಕೈ ತಾಗಿ ಒಬ್ಬ ಗಿರಾಕಿಯ ಕಪ್ಪು ಪ್ಯಾಂಟಿನ ಮೇಲೆ ಬಿಳಿ ಬೆರಳಚ್ಚು ಮೂಡಿತ್ತು. "ನಿನ್ನ ನೆಂಟರಿಂದ ನನ್ನ ಮರ್ಯಾದೆ ಹೋಯ್ತು" ಎಂದು ರೇಗಿದ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಬಕೆಟ್ಟಿನಲ್ಲಿ ಉಪ್ಪು ಕದಡುವುದು, ಹಳೇ ನೀರು ತೆಗೆದು ಹೊಸದು ಹಾಕುವುದು, ಆರಿದಷ್ಟು ನೀರಿಗೆ ಸಿಹಿನೀರು ಸೇರಿಸುವುದು, ಎಲ್ಲ ಕಲಿತಳು. ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ, ಅದಕ್ಕೇ ಸಿಹಿನೀರು ಎಂದು ಅವನಿಗೂ ಬಿಡಿಸಿ ಹೇಳಿದ್ದಳು. ದಿನವೂ ಬೆಳಗ್ಗೆ ತೋರುಬೆರಳನ್ನು ನೀರಿಗೆ ಅದ್ದಿ, ಮಗುವಿನ ಹಣೆ ಮುಟ್ಟಿದವಳ ಹಾಗೆ ಒಂದು ಗಳಿಗೆ ಸುಮ್ಮನಿದ್ದು, "ಹ್ಞೂಂ" ಎನ್ನುತ್ತಿದ್ದಳು. ಅದು ಯಾಕೆಂದು ಅವನು ಕೇಳಿರಲಿಲ್ಲ, ಅವಳು ಹೇಳಿರಲಿಲ್ಲ.

ಎರಡರಲ್ಲಿ ದೊಡ್ಡದು ಹೆಣ್ಣು. ಚಿಕ್ಕದು ಗಂಡು, ಅದರ ಹಿಂದೆಯೇ ಬಾಲ ಅಲ್ಲಾಡಿಸಿಕೊಂಡು ಸುತ್ತುತ್ತಿತ್ತು. ದೊಡ್ಡವಳು ತಿರುಗಿ ಒಂದು ಸಲ ಗದರಿದರೆ ಚಿಕ್ಕವನು ಮೈ ನಡುಗಿಸಿ ಶರಣಾಗುತ್ತಿದ್ದ. "ನೋಡಿ, ನಮ್ಮನೆ ಥರಾನೇ" ಎಂದು ಅವಳು ನಕ್ಕರೆ ಅವನಿಗೂ ನಗು ತಡೆಯಲಾಗುತ್ತಿರಲಿಲ್ಲ. ಇವರಿಗೆ ಮಕ್ಕಳಿರಲಿಲ್ಲ. ಅದಕ್ಕೇ ಮೀನು ಸಾಕಿದ್ದಾಳೆ ಎಂದು ಬೀದಿಯವರು ಮಾತಾಡಿಕೊಂಡರು. ಹಾಗೇನೂ ಇರಲಿಲ್ಲ. ಅವಳಿಗೆ ಮೀನು ಇಷ್ಟ, ಅಷ್ಟೇ.

ಆಮೇಲೆ ಅವಳ ಹೊಟ್ಟೆಯಲ್ಲಿ ಗೆಡ್ಡೆ ಬೆಳೆಯಿತು.

ಆಸ್ಪತ್ರೆಗೆ ಸೇರುವ ದಿನ ಅವಳು ಎರಡೇ ಮಾತು ಹೇಳಿದಳು. ಮೀನಿಗೆ ಎರಡು ಹೊತ್ತೂ ಚಿಟಿಕೆ ತಿಂಡಿ, ಗಾಜಿನ ಮೇಲಿನ ಗೆರೆಯವರೆಗೆ ಸಿಹಿನೀರು, ಪಂಪು ನಿಲ್ಲದ ಹಾಗೆ ನೋಡಿಕೊಳ್ಳುವುದು. ಅದು ಒಂದು. ಇನ್ನೊಂದನ್ನು ಅವನ ಕೈ ಹಿಡಿದು ಹೇಳಿದಳು: "ಅಂಗಡಿ ಮುಚ್ಚಬೇಡಿ. ನೀವು ಅಂಗಡಿ ಮುಚ್ಚಿದ್ರಿ ಅಂದ್ರೆ ನನ್ನ ಕಥೆ ಮುಗೀತು ಅಂತ ಅರ್ಥ. ತೆಗೆದಿದ್ರೆ ನಾನು ವಾಪಸ್ ಬರ್ತೀನಿ ಅಂತ ಧೈರ್ಯ ನನಗೆ."

ಅವನು ತೆಗೆದೇ ಇಟ್ಟಿದ್ದ. ಹಗಲೆಲ್ಲ ಇಸ್ತ್ರಿ, ಸಂಜೆ ಆಸ್ಪತ್ರೆ. ಡಾಕ್ಟರು ಒಂದು ದಿನ ಅವನನ್ನು ವಾರ್ಡಿನ ಬಾಗಿಲಿನಾಚೆ ಕರೆದರು. ಒಳ್ಳೆಯ ಮನುಷ್ಯ, ಮಾತನ್ನು ಸುತ್ತಿಬಳಸಲಿಲ್ಲ. "ಇನ್ನು ನಾವು ಮಾಡೋದು ಏನೂ ಉಳಿದಿಲ್ಲ. ನೋವು ಆಗದ ಹಾಗೆ ನೋಡ್ಕೋತೀವಿ. ಆದಷ್ಟು ಹತ್ತಿರ ಇರಿ" ಎಂದರು.

ಮರುದಿನ ಗೆರೆಯಣ್ಣ ಬಾಯ್ಲರ್ ಹಚ್ಚಲಿಲ್ಲ. ಬಾಗಿಲಿಗೆ ಬೀಗ ಹಾಕಿ ಬಂದು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತ. ಒಳಗೆ ಹೋಗುವಂತಿಲ್ಲ, ಹೋದರೆ ಅವಳಿಗೆ ಗೊತ್ತಾಗಿಬಿಡುತ್ತದೆ. ಅವಳ ತಂಗಿ, ಅವನ ನಾದಿನಿ, ಒಳಗಿರುತ್ತಿದ್ದಳು. ಇವನು ಹೊರಗೆ. ಬಾಗಿಲು ತೆರೆದಾಗಲೆಲ್ಲ ಮಂಚದ ತುದಿಯಲ್ಲಿ ಅವಳ ಪಾದ ಕಾಣುತ್ತಿತ್ತು. ಅಷ್ಟು ಕಂಡರೆ ಸಾಕಿತ್ತು ಅವನಿಗೆ. ಸಂಜೆಯಾದ ಮೇಲೆ ನಲ್ಲಿಯ ಹತ್ತಿರ ಹೋಗಿ ಕೂದಲು, ಕಾಲರು ಒದ್ದೆ ಮಾಡಿಕೊಂಡು, ಆಗತಾನೇ ಆವಿಯಿಂದ ಎದ್ದು ಬಂದವನ ಹಾಗೆ ಒಳಗೆ ಹೋಗುತ್ತಿದ್ದ. ಹುಟ್ಟಿದಾಗಿನಿಂದ ಸುಳ್ಳು ಹೇಳಲು ಬಾರದವನು ಈ ಒಂದು ಸುಳ್ಳನ್ನು ಮಾತ್ರ ಗೆರೆ ಕೆಡದಂತೆ ಮಡಿಸಿಟ್ಟಿದ್ದ.

"ತುಂಬಾ ಬಟ್ಟೆ ಇತ್ತಾ?" ಎಂದು ಅವಳು ಕೇಳುತ್ತಿದ್ದಳು.

"ರಾಶಿ ರಾಶಿ" ಎನ್ನುತ್ತಿದ್ದ.

ಹೊರಗೆ ಚಳಿ ಬಿದ್ದಿತ್ತು. ಮೀನು ಮಂಕಾದವು. ದೊಡ್ಡವಳು ಮೂಲೆ ಹಿಡಿದಳು. ಚಿಕ್ಕವನು ಕಲ್ಲಿನ ಹಿಂದೆ ಒಂದು ಪಕ್ಕಕ್ಕೆ ವಾಲಿಕೊಂಡು ಕಿವಿರು ಮಾತ್ರ ಆಡಿಸುತ್ತಿದ್ದ. ಹಾಕಿದ ತಿಂಡಿ ಹಾಗೇ ತಳ ಸೇರುತ್ತಿತ್ತು. ಗೆರೆಯಣ್ಣನಿಗೆ ಕೈಕಾಲು ಆಡಲಿಲ್ಲ. ಮನೆಗೆ ಬಂದವಳಿಗೆ ಏನೂ ತೋರಿಸದಿದ್ದರೂ ಆ ಎರಡು ಜೀವ ತೋರಿಸಬೇಕು ಎಂದಿತ್ತು ಅವನ ಮನಸ್ಸಿನಲ್ಲಿ. ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರೂ ಇತ್ತು. ಕೊನೆಗೆ ಅವಳನ್ನೇ ಕೇಳಿದ.

"ತಿಂಡಿ ಜಾಸ್ತಿ ಹಾಕ್ತಿದ್ದೀರಾ?"

"ನೀನು ಹೇಳಿದಷ್ಟೇ."

"ನೀರು?"

"ಗೆರೆಯವರೆಗೆ. ಸಿಹಿನೀರೇ."

"ಪಂಪು?"

"ಗುಳುಗುಳು ಅಂತಾನೇ ಇದೆ."

ಅವಳು ಕಣ್ಣು ಮುಚ್ಚಿ ಯೋಚಿಸಿದಳು. ನೋವಿನ ಔಷಧದಿಂದ ನಾಲಿಗೆ ದಪ್ಪವಾಗಿತ್ತು, ಆದರೂ ಬುದ್ಧಿ ಚುರುಕಾಗಿಯೇ ಇತ್ತು. "ನೀರಿಗೆ ಬೆರಳಿಟ್ಟು ನೋಡಿದ್ರಾ?"

"ನೋಡಿದೆ ಕಣೇ. ತಣ್ಣಗೆ, ಏನು ಹಾಯಾಗಿದೆ ಅಂತೀಯ! ಕಿಟಕಿನೂ ತೆಗೆದಿಟ್ಟಿದ್ದೀನಿ. ಪಾಪ, ನಮ್ಮ ಜೊತೆ ಇಷ್ಟು ವರ್ಷ ಅವೂ ಸೆಕೆಯಲ್ಲಿ ಬೆಂದಿಲ್ವಾ? ಒಂಚೂರು ತಂಪಾಗಿರಲಿ ಅಂತ."

ಮೀನಿಗೆ ಉಪಕಾರ ಮಾಡಿದ ಹೆಮ್ಮೆಯಲ್ಲಿದ್ದ, ಪಾಪದವನು. ಅವಳು ಅವನ ಒದ್ದೆ ಕಾಲರನ್ನೇ ನೋಡಿದಳು.

"ಬಾಯ್ಲರ್ ಉರೀತಿದ್ರೆ ಆ ನೀರು ತಣ್ಣಗಾಗಲ್ಲ ರೀ. ಆ ಗೋಡೆ ಬಿಸಿಯಿಂದಾನೇ ಅವು ಬದುಕಿರೋದು" ಎಂದಳು. ಕಾಲರಿನಿಂದ ಕಣ್ಣು ಮೇಲೆತ್ತಿ, "ಯಾವಾಗಿಂದ ಮುಚ್ಚಿದ್ದೀರಿ?" ಎಂದಳು.

ಅವನು ಹಾಸಿಗೆಯ ಹೊದಿಕೆಯ ಸುಕ್ಕನ್ನು ಅಂಗೈಯಿಂದ ತೀಡತೊಡಗಿದ. ಹೋಗದ ಸುಕ್ಕು ಅದು. ಮತ್ತೆ ಮತ್ತೆ ತೀಡಿದ.

"ಡಾಕ್ಟ್ರು ಹೇಳಿಬಿಟ್ಟಿದ್ದಾರೆ ಅಲ್ವಾ ನಿಮಗೆ?"

ಡಾಕ್ಟರು, ನಾದಿನಿ, ಅವನು, ಎಲ್ಲರೂ ಸೇರಿ ಬಾಯಿಗೆ ಬೀಗ ಹಾಕಿಕೊಂಡು ಕಾಪಾಡಿದ ಸಂಗತಿಯನ್ನು ತಣ್ಣಗಿನ ನೀರು ಹೇಳಿಬಿಟ್ಟಿತ್ತು. ಅವಳು ಮುಖ ಆಚೆ ತಿರುಗಿಸಿದಳು. ಹೆಗಲು ಅಲುಗುತ್ತಿತ್ತು. ಮೂವತ್ತು ವರ್ಷ ಜೊತೆಯಲ್ಲಿದ್ದವನು ಅವಳ ಪಾದದ ಮೇಲೆ ಹೊದಿಕೆ ಎಳೆದ. ಮಾತು ಅವನ ಇಲಾಖೆ ಅಲ್ಲವಲ್ಲ.

ಮತ್ತೆ ಈಚೆ ತಿರುಗಿದಾಗ ಮುಖ ಒರೆಸಿಕೊಂಡಿದ್ದಳು. "ಅವು ಸಾಯ್ತವೆ. ನಾಳೆ ಹೋಗಿ ಬಾಯ್ಲರ್ ಹಚ್ಚಿ."

"ಸತ್ರೆ ಸಾಯಲಿ. ನಾನು ಇಲ್ಲಿಂದ ಕದಲಲ್ಲ."

"ನಾನೂ ಹೋಗಿ ಅವೂ ಹೋದ್ರೆ ಆ ಕೋಣೇಲಿ ನೀವೊಬ್ರೇ ಏನು ಮಾಡ್ತೀರಿ ರೀ? ಹೋಗಿ. ನನ್ನ ಮಾತು ಒಂದಾದ್ರೂ ಕೇಳಿ."

ಅವಳ ಮಾತನ್ನು ಕೇಳದ ದಿನವೇ ಇರಲಿಲ್ಲ. ಅಂದೂ ಕೇಳಿದ. ಮರುದಿನ ಬಾಯ್ಲರ್ ಹಚ್ಚಿದ, ಕಿಟಕಿ ಮುಚ್ಚಿದ. ಗಿರಾಕಿಗಳು ಬೇರೆ ಅಂಗಡಿ ನೋಡಿಕೊಂಡಿದ್ದರು. ಎದುರಿನ ಕ್ಷೌರದಂಗಡಿಯವನಿಂದ ಟವೆಲ್ಲುಗಳನ್ನು ಬೇಡಿ ತಂದು ಇಸ್ತ್ರಿ ಮಾಡಿದ. ಅದು ಮುಗಿದಾಗ ಮನೆಯ ಪರದೆ ಬಿಚ್ಚಿ ಇಸ್ತ್ರಿ ಮಾಡಿದ. ಅದೂ ಮುಗಿದಾಗ ಟವೆಲ್ಲುಗಳಿಗೆ ಮತ್ತೆ ನೀರು ಚಿಮುಕಿಸಿ ಮೊದಲಿಂದ ಶುರು ಮಾಡಿದ. ಸುಮ್ಮನೆ ನಿಂತರೆ ಆಸ್ಪತ್ರೆಯ ಕಡೆಗೆ ಓಡಿಬಿಡುತ್ತೇನೆಂದು ಅವನಿಗೆ ಭಯ. ಗೋಡೆ ಮೆಲ್ಲಗೆ ಬಿಸಿಯಾಯಿತು, ನೀರೂ ಬಿಸಿಯಾಯಿತು. ದೊಡ್ಡವಳು ಮೂಲೆ ಬಿಟ್ಟಳು. ಚಿಕ್ಕವನು ನೆಟ್ಟಗಾದ. ಸಂಜೆ ಹೋಗಿ ಹೇಳಿದಾಗ ಅವಳ ಮುಖ ಅರಳಿತು. "ಗದರಿದಳಾ ಅವನನ್ನ?" ಎಂದು ಕೇಳಿದಳು. "ಚೆನ್ನಾಗೇ ಗದರಿದಳು" ಎಂದ. ನಗಲು ಹೋಗಿ ಕೆಮ್ಮಿದಳು.

ಹೀಗೇ ಕೆಲವು ದಿನ ನಡೆಯಿತು. ಹಗಲು ಬಾಯ್ಲರ್, ಸಂಜೆ ಅವಳು. ಬೇಗ ಹೊರಟು ಬಂದರೆ, "ಇಷ್ಟು ಬೇಗ ಯಾಕೆ? ಗೋಡೆ ಆರಿಹೋಗುತ್ತೆ" ಎಂದು ಗದರುತ್ತಿದ್ದಳು.

ಒಂದು ಮಧ್ಯಾಹ್ನ ನಾದಿನಿಯ ಫೋನ್ ಬಂತು. ಸೊಂಟಕ್ಕೆ ಕಟ್ಟಿದ ಒದ್ದೆ ಬಟ್ಟೆಯಲ್ಲೇ ಓಡಿದ. ಅಷ್ಟರಲ್ಲಿ ಎಲ್ಲ ಆಗಿಹೋಗಿತ್ತು. ಅವಳ ಕೈ ಮುಟ್ಟಿದ. ತಣ್ಣಗಿತ್ತು. ಬದುಕಿಡೀ ತಂಪಿಗೆ ಹಂಬಲಿಸಿದವನು ಆ ತಂಪು ತಡೆಯಲಾರದೆ ತನ್ನೆರಡು ಬಿಸಿ ಅಂಗೈಗಳ ನಡುವೆ ಆ ಕೈ ಇಟ್ಟುಕೊಂಡು, ನರ್ಸ್ ಬಂದು ಬಿಡಿಸುವವರೆಗೂ ಉಜ್ಜುತ್ತಲೇ ಇದ್ದ.

ಮಣ್ಣು ಮಾಡಿ ಬಂದ ಮರುದಿನ ಬೆಳಗ್ಗೆ ಅಂಗಡಿ ತೆರೆದಿತ್ತು. ಬೀದಿ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ಹೆಂಡತಿ ಸತ್ತು ಒಂದು ದಿನ ಕಳೆದಿಲ್ಲ, ಇವನಿಗೆ ವ್ಯಾಪಾರ! ನಾದಿನಿ ಬಂದವಳು ಹೊಸ್ತಿಲಲ್ಲೇ ನಿಂತು, "ನಾಚಿಕೆ ಆಗಲ್ವಾ ಭಾವ?" ಎಂದು ಕೂಗಿದಳು. "ಅಕ್ಕನಿಗೆ ಕೊನೇ ಗುಟುಕು ನೀರು ಕುಡಿಸಿದ್ದು ನಾನು. ನೀವು ಆಗಲೂ ಇಲ್ಲೇ, ಈಗಲೂ ಇಲ್ಲೇ."

"ಮೀನು" ಎಂದ. ಗೋಡೆಯ ಕಡೆಗೆ ಕೈ ತೋರಿಸಿದ. ನಾದಿನಿ ಅವನನ್ನು ಮೇಲಿಂದ ಕೆಳಗೆ ನೋಡಿ ಹೊರಟುಹೋದಳು.

ಉಪ್ಪು ಮುಗಿದಾಗ ಗೆರೆಯಣ್ಣ ಮೊದಲ ಸಲ ಮೀನಿನ ಅಂಗಡಿಗೆ ಹೋದ. ಇಲ್ಲಿಯವರೆಗೆ ಉಪ್ಪು ತರುತ್ತಿದ್ದದ್ದು ಅವಳೇ. ಯಾವ ಉಪ್ಪು, ಎಷ್ಟು ಎಂದು ಹೇಳಲು ತಡವರಿಸಿ, ಗೋಡೆಯ ಪಕ್ಕದ ತೊಟ್ಟಿ, ಎರಡು ಕಿತ್ತಳೆ ಮೀನು, ಗೋಡೆಯಾಚೆ ಬಾಯ್ಲರ್ ಎಂದೆಲ್ಲ ವಿವರಿಸಿದ. ಅಂಗಡಿಯವನು ತಟ್ಟನೆ ಅವನ ಮೀಸೆ ನೋಡಿ ಜೋರಾಗಿ ನಕ್ಕ.

"ಓಹೋ, ನೀವೇನಾ! ಪ್ರತಿ ಸಲ ಹೇಳ್ತಿದ್ದೆ ನಿಮ್ಮ ಮನೆಯವರಿಗೆ, ಒಂದು ಹೀಟರ್ ತಗೊಂಡು ಹೋಗಿ ಅಮ್ಮ ಅಂತ. 'ನಮ್ಮನೆ ಹೀಟರ್‌ಗೆ ಮೀಸೆ ಇದೆ, ಗೋಡೆಯಾಚೆ ನಿಂತು ಇಸ್ತ್ರಿ ಮಾಡ್ತಿದೆ' ಅಂತ ನಗೋರು."

"ಹೀಟರ್ ಅಂದ್ರೆ?"

ಅಂಗಡಿಯವನು ಹಿಂದಿನ ಕಪಾಟಿನಿಂದ ಒಂದು ಡಬ್ಬ ಇಳಿಸಿ ಬಿಚ್ಚಿದ. ಗೇಣುದ್ದದ ಗಾಜಿನ ಕಡ್ಡಿ, ಅದಕ್ಕೊಂದು ವೈರು. "ನೀರಲ್ಲಿ ಮುಳುಗಿಸಿ ಪ್ಲಗ್ ಹಾಕಿದ್ರೆ ಆಯ್ತು. ಬೇಕಾದಷ್ಟು ಬಿಸಿ ತಾನೇ ಇಟ್ಟುಕೊಳ್ಳುತ್ತೆ."

"ಅಂಗಡಿ ಮುಚ್ಚಿದ್ರೂ?"

"ನೀವು ತಿಂಗಳುಗಟ್ಟಲೆ ಅಂಗಡಿ ಮುಚ್ಚಿ, ಅದಕ್ಕೇನು?"

ಗೆರೆಯಣ್ಣ ಆ ಕಡ್ಡಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತ. ಅವಳಿಗೆ ಗೊತ್ತಿತ್ತು. ಮಂಚದ ಮೇಲೆ ಮಲಗಿ ಹೋಗಿ ಹೋಗಿ ಎಂದು ಕಳಿಸುವಾಗಲೂ ಗೊತ್ತಿತ್ತು. ಹೀಟರ್ ತನ್ನಿ ಎಂದು ಒಂದು ಮಾತು ಹೇಳಿದ್ದರೆ ಅವನು ಅವಳ ಪಕ್ಕದಲ್ಲೇ ಇರುತ್ತಿದ್ದ, ಆ ಕೊನೇ ಗುಟುಕು ನೀರು ಅವನೇ ಕುಡಿಸುತ್ತಿದ್ದ. ಹೇಳಲಿಲ್ಲ. ತಾನು ಸಾಯುವುದನ್ನು ಇವನು ಕೂತು ನೋಡಬಾರದು ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು, ಮನೆಯ ಎಲ್ಲ ತೀರ್ಮಾನಗಳ ಹಾಗೆ ಇದನ್ನೂ ಅವನನ್ನು ಕೇಳದೆ. ಅವನಿಗೆ ಕೆಂಡದಂಥ ಕೋಪ ಬಂತು. ಮನೆಗೆ ಹೋಗಿ ಚೆನ್ನಾಗಿ ಬೈಯಬೇಕು ಎಂದುಕೊಂಡ. ಹೊರಡಲು ಒಂದು ಹೆಜ್ಜೆಯನ್ನೂ ಇಟ್ಟ.

"ಕಟ್ಟಿ ಕೊಡ್ಲಾ?" ಎಂದು ಅಂಗಡಿಯವನು ಕೇಳಿದ. ಕಡ್ಡಿಯನ್ನು ತಿರುಗಿಸುತ್ತಾ ನಿಂತವನನ್ನು ನೋಡಿ ಮತ್ತೆ ನಕ್ಕ. "ಗೊತ್ತಾಯ್ತು ಬಿಡಿ. ಮನೆಯವರನ್ನ ಒಂದು ಮಾತು ಕೇಳಿಕೊಂಡೇ ಬನ್ನಿ, ಅವಸರ ಏನಿಲ್ಲ."

"ಕೇಳ್ತೀನಿ" ಎಂದ ಗೆರೆಯಣ್ಣ. ಕಡ್ಡಿಯನ್ನು ಜೋಪಾನವಾಗಿ ಡಬ್ಬದಲ್ಲಿಟ್ಟು ವಾಪಸ್ ಕೊಟ್ಟ. ಉಪ್ಪಿನ ಚೀಲ ಹೆಗಲಿಗೇರಿಸಿಕೊಂಡು ಬೀದಿಗಿಳಿದ. ಜನ ಓಡಾಡುತ್ತಿದ್ದರು, ಗುರುತಿನವರೂ ಇದ್ದರು. ಯಾರ ಪರಿವೆಯೂ ಇಲ್ಲದೆ ಬಿಕ್ಕಿ ಬಿಕ್ಕಿ ಅಳುತ್ತಲೇ ಬೇಗ ಬೇಗ ಹೆಜ್ಜೆ ಹಾಕಿದ. ಬೆಳಗ್ಗೆ ಹಚ್ಚಿದ ಬಾಯ್ಲರ್ ಅಷ್ಟು ಹೊತ್ತಿಗೆ ಆರುತ್ತಾ ಬಂದಿತ್ತೇನೋ.