ಎಂಟು ಜನರ ಈಜು

ಅರ್ಜಿಗಳಲ್ಲಿ ನಾನು ಈವರೆಗೆ ಒಂದೇ ಒಂದು ಸುಳ್ಳು ಬರೆದಿದ್ದೇನೆ. ಬರೆದದ್ದು ಮಾತ್ರ ಆರು ಸಲ.

ಬೈಲಹೊಂಗಲದಲ್ಲಿ ದಿನವೂ ಬೆಳಿಗ್ಗೆ ವಾಕಿಂಗ್ ಹೋಗುವ ನಾವು ಎಂಟು ಜನ. ನಡಿಗೆಯಿಂದ ಹೊಟ್ಟೆ ಕರಗದಿದ್ದರೂ ಮಾತು ಬೆಳೆಯುತ್ತದೆ. ಹಾಗೆ ಬೆಳೆದ ಮಾತಿನಲ್ಲಿ ನಾನೊಂದು ದಿನ, “ಮಲಪ್ರಭಾ ಹಿನ್ನೀರಿನಾಗ ನಾವ ದೋಣಿ ನಡಸೂಣು” ಎಂದುಬಿಟ್ಟೆ. ಮೂವತ್ತು ವರ್ಷ ಗಣಿತ ಕಲಿಸಿದ ಮಾಸ್ತರ ಯೋಚಿಸಿಯೇ ಹೇಳಿರುತ್ತಾನೆಂದು ಎಲ್ಲರೂ ಒಪ್ಪಿದರು. ವ್ಯವಸ್ಥೆಯೆಲ್ಲ ನನ್ನ ಕೊರಳಿಗೆ ಬಿತ್ತು.

ಕಿತ್ತೂರಿನ ಬಶೀರಸಾಬರು ಇಬ್ಬಿಬ್ಬರು ಕೂತು ಹುಟ್ಟು ಹಾಕುವ ಕಯಾಕ್ ದೋಣಿಗಳನ್ನು ಬಾಡಿಗೆಗೆ ಕೊಡುತ್ತಾರೆ. “ನಾಕೂ ದೋಣಿ ದಂಡಿಗೆ ತಂದ ಇಳಸತೇನ್ರಿ ಸರ. ಆದ್ರ ಪರವಾನಗಿ ಕಾಗದ ತೋರಸದ ನೀರಿಗೆ ಬಿಡಂಗಿಲ್ಲ” ಎಂದರು.

ಸವದತ್ತಿಯ ನೀರಾವರಿ ಕಚೇರಿಯಲ್ಲಿ ಕೊಟ್ಟ ಅರ್ಜಿಯಲ್ಲಿ ಎಂಟೂ ಹೆಸರುಗಳ ಮುಂದೆ ‘ಈಜು ಬಲ್ಲರೇ?’ ಎಂಬ ಕಾಲಂ ಇತ್ತು. ಎಂಟೂ ಕಡೆ ‘ಹೌದು’ ಎಂದು ಬರೆದೆ. ನಮ್ಮ ಕಡೆ ನಾವು ‘ಈಸು’ ಎನ್ನುತ್ತೇವೆ. ಪುಸ್ತಕದ ಭಾಷೆಯಲ್ಲಿ ಹೇಳಿದ ಸುಳ್ಳು ಅಷ್ಟಾಗಿ ಚುಚ್ಚುವುದಿಲ್ಲವೋ ಏನೋ.

ಅಲ್ಲಿನ ಇಂಜಿನಿಯರ್ ಒಬ್ಬ ಹೆಣ್ಣುಮಗಳು, ನಮ್ಮ ಕಡೆಯ ಗೌರವದ ಮಾತಿನಲ್ಲಿ ‘ಬಾಯಿಯವರು’. ಅವರು ಅರ್ಜಿ ಓದಿ, “ಈಸಾಕ ಎಲ್ಲಿ ಕಲತ್ರಿ ಸರ?” ಎಂದು ಸಹಜವಾಗಿ ಕೇಳಿದರು.

“ಮುರಗೋಡದಾಗ, ಬಾವ್ಯಾಗ.”

“ಅಯ್ಯ, ನಮ್ಮೂರೂ ಮುರಗೋಡನ! ಯಾವ ಬಾವಿರಿ?”

ಕೆಮ್ಮು ಬಂದವನಂತೆ ನಟಿಸಿದೆ. ಪರವಾನಗಿ ಸಿಕ್ಕಿತು.

‘ಎಂಟೂ ಜನ ಈಜು ಬಲ್ಲವರು’ ಎಂದಿದ್ದ ಅದನ್ನು ಮನೆಯಲ್ಲಿ ಓದಿದವಳು ನನ್ನ ಹೆಂಡತಿ ಸುಮಂಗಲಾ. ರಾಮದುರ್ಗದ ಹೊಳೆದಂಡೆಯಲ್ಲಿ ಬೆಳೆದವಳು, ನಮ್ಮ ಎಂಟರಲ್ಲಿ ಒಬ್ಬಳು. “ನೀವ ಮುಳುಗಿದ್ರ ನಾ ಎತ್ತತೇನಿ. ಉಳದ ಆರು ಮಂದೀನ್ನ ಯಾರ ಎತ್ತತಾರ?” ಎಂದಳು.

ಊಟ ಸೇರಲಿಲ್ಲ. ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಆರು ಜನರಲ್ಲಿ ಐವರಿಗೆ ಈಜು ಬರುತ್ತಿರಲಿಲ್ಲ. ಬ್ಯಾಂಕಿನಿಂದ ನಿವೃತ್ತರಾದ ದೇಶಪಾಂಡೆಯವರಂತೂ, “ನನಗೆಲ್ಲಿ ಬರ್ತದರಿ? ನಿಮಗ ಬರ್ತದ ಅಂತ ತಿಳಕೊಂಡ ನಾ ಧೈರ್ಯಾ ಮಾಡೀನಿ” ಎಂದರು. ಉಳಿದವರ ಧೈರ್ಯವೂ ಅದೇ ಆಗಿತ್ತು. ಎಲ್ಲರೂ ನನ್ನನ್ನು ನಂಬಿ ನೀರಿಗೆ ಹೊರಟಿದ್ದರು. ನಾನು ಯಾರನ್ನು ನಂಬಿದ್ದೆನೋ ನನಗೇ ತಿಳಿಯದು.

ಮರುದಿನ ಮೊದಲ ಬಸ್ಸಿಗೆ ಸವದತ್ತಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಬಾಯಿಯವರು ಪರವಾನಗಿಯನ್ನು ಕೈಗೆ ತೆಗೆದುಕೊಂಡರು. ಹರಿದೇಬಿಡುತ್ತಾರೆ ಎಂದುಕೊಂಡೆ.

“ಈಸಾಕ ಬರದವರು ಹೋಗಬಾರದಂತ ಯಾರ ಅಂದಾರ್ರಿ? ಎಷ್ಟ ಮಂದೀಗೆ ಬರಂಗಿಲ್ಲಂತ ಗೊತ್ತಾದ್ರ ಅಷ್ಟ ತಯಾರಿ ಮಾಡಾಕ ಬರತೈತಿ” ಎಂದು ಹೊಸ ಅರ್ಜಿ ಮುಂದಿಟ್ಟರು. ಎಲ್ಲರೂ ಲೈಫ್ ಜಾಕೆಟ್ ಕಟ್ಟಿಕೊಳ್ಳಬೇಕು, ಮೀನುಗಾರರ ಒಂದು ದೋಣಿ ಜೊತೆಗಿರಬೇಕು, ದಂಡೆ ಕಣ್ಣಿಗೆ ಕಾಣುವಷ್ಟೇ ದೂರ ಹೋಗಬೇಕು. ಆರು ಸಲ ‘ಇಲ್ಲ’ ಎಂದು ಬರೆದೆ. ಅಷ್ಟು ಹಗುರವಾಗಿ ನಾನು ಯಾವ ಕಾಗದವನ್ನೂ ತುಂಬಿದ್ದಿಲ್ಲ.

ಭಾನುವಾರ ಬೆಳಿಗ್ಗೆ ನಾಲ್ಕೂ ದೋಣಿ ನೀರಿಗಿಳಿದವು. ನಮ್ಮದು ಮೊದಲ ಅರ್ಧ ಗಂಟೆ ಸುತ್ತಿದಲ್ಲೇ ಸುತ್ತಿತು. ಸುಮಂಗಲಾ ಎಡಕ್ಕೆ, ನಾನು ಬಲಕ್ಕೆ. ಅಷ್ಟರಲ್ಲಿ ದೇಶಪಾಂಡೆಯವರ ದೋಣಿ ಮಗುಚಿತು. ಮೀನುಗಾರ ಅವರ ಜೊತೆಗಾರನನ್ನು ಎತ್ತಿಕೊಂಡು ತಿರುಗಿದರೆ, ಇವರು ಕುಂಬಳಕಾಯಿಯಂತೆ ತೇಲುತ್ತ ಕೈ ಅಡ್ಡ ಹಿಡಿದರು: “ಸ್ವಲ್ಪ ತಡೀಪಾ, ಎಂಥಾ ಆರಾಮ ಅದ!” ಆಮೇಲೆ ಒಬ್ಬೊಬ್ಬರೂ ಬೇಕೆಂದೇ ನೀರಿಗಿಳಿದು ತೇಲಿದೆವು. ನಾನೂ ತೇಲಿದೆ, ಸುಮಂಗಲಾಳ ಕೈ ಮಾತ್ರ ಬಿಡಲಿಲ್ಲ.

ದಂಡೆಗೆ ಬಂದು ಬುತ್ತಿ ಬಿಚ್ಚುವಾಗ ಬಾಯಿಯವರ ಫೋನ್ ಬಂತು. ಸಹಿ ಹಾಕಿದವರು ಆ ಕಾಗದವನ್ನು ಮರೆತು ಮುಂದಿನದಕ್ಕೆ ಹೋಗುತ್ತಾರೆಂದೇ ನಾನು ತಿಳಿದಿದ್ದೆ.

“ಸರ, ಎಲ್ಲಾರೂ ದಂಡಿಗೆ ಬಂದ್ರ್ಯಾ?”

“ಬಂದೇವ್ರಿ ಬಾಯಾರ, ಎಂಟೂ ಮಂದಿ.”

ಆ ಕಡೆ ಉಸಿರು ಬಿಟ್ಟ ಸದ್ದು. “ಹಂಗಾರ ನಾನೂ ಈಗ ಉಣ್ಣಾಕ ಕುಂದ್ರತೇನ್ರಿ.”

ಗಡಿಯಾರ ನೋಡಿದೆ. ಮೂರು ದಾಟಿತ್ತು.