ಪೋಸ್ಟ್‌ಕಾರ್ಡಿನಷ್ಟು ಸಂದು

ಸ್ಪ್ಯಾನರ್ ಹಿಡಿದ ಗಂಡಸನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಮಧುಗಿರಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಮಗ್ಗಿ ಹೇಳಿಕೊಡುವವಳಿಗೆ ಸ್ಪ್ಯಾನರಿನ ಮೇಲೆ ಎಂಥ ಹಗೆ ಎಂದು ನೀವು ಕೇಳಬಹುದು. ಕೇಳಿ, ಹೇಳುವುದಕ್ಕೇ ಕೂತಿದ್ದೇನೆ.

ನಮ್ಮಪ್ಪ ಸಾಯುವಾಗ ನನಗೆಂದು ಬಿಟ್ಟುಹೋದ ಕಾರೊಂದಿತ್ತು. ಎಂಟು ಸಿಲಿಂಡರಿನ ಹಳೆಯ ಅಮೆರಿಕನ್ ಗಾಡಿ. ಉದ್ದ ನಮ್ಮ ಶಾಲೆಯ ಜಗಲಿಯಷ್ಟು. ಅದರ ಸೀಟಿನಲ್ಲಿ ಅಪ್ಪನ ನಶ್ಯದ ವಾಸನೆ ಇನ್ನೂ ಇತ್ತು. ನಮ್ಮ ಯಜಮಾನರು ಅದನ್ನು ಮದುವೆ ದಿಬ್ಬಣಗಳಿಗೆ ಓಡಿಸುತ್ತಿದ್ದರು. ಅದರ ದೊಡ್ಡ ಗುಣವೆಂದರೆ ಸದ್ದಿಲ್ಲದಿರುವುದು. ಇಂಜಿನ್ ಓಡುತ್ತಿದೆಯೋ ಇಲ್ಲವೋ ಎಂದು ಬಾನೆಟ್ ಮುಟ್ಟಿ ನೋಡಬೇಕಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಪಾವಗಡದ ಎಣ್ಣೆ ಗಿರಣಿಯ ರೆಡ್ಡಿ ಮದರಾಸಿನ ಕಡೆ ಎಲ್ಲೋ ಡ್ರ್ಯಾಗ್ ರೇಸು ನೋಡಿಕೊಂಡು ಬಂದ. ಎರಡು ಕಾರು ನಿಂತಲ್ಲಿಂದ ಒಟ್ಟಿಗೆ ಹೊರಟು ಕಾಲು ಮೈಲಿ ನೆಟ್ಟಗೆ ಓಡಬೇಕು, ಮೊದಲು ಮುಟ್ಟಿದವನು ಗೆದ್ದ. ಇಷ್ಟೇ! ಇದಕ್ಕೆ ನಮ್ಮ ಯಜಮಾನರು ಮೀಸೆ ತಿರುವಿ ಅವನೊಡನೆ ಪಂಥ ಕಟ್ಟಿ ಬಂದರು: ಸೋತವನ ಕಾರು ಗೆದ್ದವನಿಗೆ. ಯಾರ ಕಾರು? ನಮ್ಮಪ್ಪನ ಕಾರು! ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನೂ ತುಟಿ ಬಿಚ್ಚಲಿಲ್ಲ. ಹನ್ನೆರಡು ವರ್ಷದ ಸಂಸಾರದ ಅಭ್ಯಾಸ. ಕೋಪವನ್ನೆಲ್ಲ ಮುದ್ದೆ ತಿರುವುವ ಕೋಲಿನ ಮೇಲೆ ತೀರಿಸಿದೆ. ಆ ದಿನದ ಮುದ್ದೆಯನ್ನು ಗೋಡೆಗೆ ಎಸೆದಿದ್ದರೆ ಗೋಡೆಯೇ ಬೀಳುತ್ತಿತ್ತು.

ರೇಸಿಗೆ ಗಾಡಿ ತಯಾರು ಮಾಡಲು ಶಿರಾದಿಂದ ಬಾಷಾ ಸಾಬರು ಬಂದರು. ವಯಸ್ಸಾದ ಮೆಕ್ಯಾನಿಕ್, ಮರ್ಯಾದಸ್ತ. ಕಾಫಿ ಕೊಟ್ಟಾಗ ನನಗೂ ಒಂದು ಪಾಠವಾಯಿತು. ಇಂಜಿನ್ನಿನ ವಾಲ್ವನ್ನು ಎತ್ತುವುದು ಟ್ಯಾಪೆಟ್. ನಮ್ಮ ಗಾಡಿಯದ್ದು ಹೈಡ್ರಾಲಿಕ್, ಅಂದರೆ ಹೊಟ್ಟೆಯಲ್ಲಿ ಆಯಿಲ್ ತುಂಬಿಕೊಂಡದ್ದು.

“ಎಲ್ಲಿ ಸಂದು ಬಿದ್ರೂ ತನ್ನ ಎಣ್ಣೇಲಿ ತಾನೇ ತುಂಬ್ಕೊಂತದೆ ಅಮ್ಮಾ, ಪಾಪ, ಸದ್ದು ಮಾಡಾಕಿಲ್ಲ,” ಎಂದರು ಸಾಬರು. “ಆದ್ರೆ ಜೋರಾಗಿ ಓಡ್ಸಿದ್ರೆ ಜಾಸ್ತಿ ಉಬ್ಬಿ ವಾಲ್ವ್ ಮುಚ್ಚಾಕೇ ಬುಡಲ್ಲ. ಇಂಜಿನ್ ಉಸಿರು ಕಟ್ತದೆ.”

ಅದಕ್ಕೇ ಅವನ್ನು ಕಿತ್ತು ಗಟ್ಟಿ ಕಬ್ಬಿಣದ ಟ್ಯಾಪೆಟ್ ಕೂರಿಸಿದರು. ಇವಕ್ಕೆ ಹೊಟ್ಟೆಯಲ್ಲಿ ಎಣ್ಣೆಯೂ ಇಲ್ಲ, ತಾಳ್ಮೆಯೂ ಇಲ್ಲ. ನಡುವೆ ಒಂದು ಪೋಸ್ಟ್‌ಕಾರ್ಡು ತೂರುವಷ್ಟು ಸಂದು ಬಿಡಬೇಕು, ವಾರಕ್ಕೊಮ್ಮೆ ಸರಿಮಾಡಬೇಕು, ಟಕಟಕ ಸದ್ದು ಸಹಿಸಬೇಕು. ಪ್ರತಿ ಭಾನುವಾರ ಯಜಮಾನರು ಬಾನೆಟ್ಟಿನೊಳಗೆ, ಪಕ್ಕದಲ್ಲಿ ನಟ್ಟು ಎತ್ತಿಕೊಡುತ್ತ ನಾನು. ಸಂದು ಅಳೆಯಲು ಅವರು ತೂರಿಸಿದ್ದು ಗೌಡಗೆರೆಯಿಂದ ತಂಗಿ ಬರೆದ ಕಾರ್ಡನ್ನೇ; ನಾನು ಓದುವ ಮೊದಲೇ ಟ್ಯಾಪೆಟ್ ಓದಿತ್ತು. ಜಿಡ್ಡಿನ ನಡುವೆ ಅವಳಿಗೆ ಹುಟ್ಟಿದ್ದು ಗಂಡೋ ಹೆಣ್ಣೋ ತಿಳಿಯಲಿಲ್ಲ. ಆಗಲೂ ಸುಮ್ಮನಿದ್ದೆ ನೋಡಿ, ನನ್ನ ಬಾಯಿಗಷ್ಟು ಮಣ್ಣು ಹಾಕ!

ರೇಸಿನ ಮುಂಚಿನ ವಾರ ಕೊರಟಗೆರೆಯ ಒಂದು ದಿಬ್ಬಣಕ್ಕೆ ಕಾರು ತೆಗೆದುಕೊಂಡು ಹೋದೆವು. ಹೆಣ್ಣಿನ ಸೋದರತ್ತೆ ಎಲ್ಲರೆದುರು, “ಇದೇನು ಕಾರಾ, ರಾಗಿ ಮಿಲ್ಲಾ ಕಣಮ್ಮ?” ಎಂದಳು. ಸಭೆ ನಕ್ಕಿತು. ಅಪ್ಪನನ್ನೇ ನೋಡಿ ನಕ್ಕಂತಾಯಿತು ನನಗೆ. ಶನಿವಾರ ಯಜಮಾನರು ಸಂತೆಗೆ ಹೋದಾಗ ನಾನೇ ಸ್ಪ್ಯಾನರ್ ಹಿಡಿದು ಹದಿನಾರು ಟ್ಯಾಪೆಟ್ಟುಗಳನ್ನೂ ಸಂದಿಲ್ಲದಂತೆ ಬಿಗಿದುಬಿಟ್ಟೆ. ಗಾಡಿ ಗಪ್‌ಚಿಪ್. ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಮಾರನೆಯ ಬೆಳಿಗ್ಗೆ ಬರಗೂರಿನಾಚೆ ಬತ್ತಿದ ಕೆರೆಯಂಗಳದಲ್ಲಿ ರೇಸು. ದಾರಿಯುದ್ದಕ್ಕೂ ಯಜಮಾನರು, “ಇವತ್ತು ಹೆಂಗೆ ಬೆಣ್ಣೆ ಇದ್ದಂಗೆ ಓಡ್ತೈತೆ ನೋಡೇ!” ಎನ್ನುತ್ತಿದ್ದರು. ಅಲ್ಲಿ ಕಾಯುತ್ತಿದ್ದ ಸಾಬರು ಬಾನೆಟ್ಟಿಗೆ ಕಿವಿಗೊಟ್ಟವರೇ ಮುಖ ಸಣ್ಣದು ಮಾಡಿಕೊಂಡರು.

“ಸದ್ದೇ ಇಲ್ವಲ್ಲಾ ಸಾರ್! ಯಾರೋ ಬಿಗಿ ಮಾಡವ್ರೆ. ಬಿಸಿಗೆ ಕಬ್ಬಿಣ ಉಬ್ಬಿ ವಾಲ್ವ್ ಮುಚ್ತಾ ಇಲ್ಲ. ಇಂಗೇ ಓಡ್ಸಿದ್ರೆ ಸುಟ್ಟೇ ಹೋಗ್ತವೆ.”

ಯಜಮಾನರು ಅವರ ಮೇಲೇ ಎಗರಿದರು. “ನಿನ್ನ ಬುಟ್ಟು ಇನ್ಯಾವನ್ಲಾ ಮುಟ್ಟಿದ್ದು? ರೆಡ್ಡಿ ಕಡೆ ಸೇರ್ಕಂಡ್ಯಾ?”

ಸಾಬರು ತಲೆ ತಗ್ಗಿಸಿದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

“ಅವ್ರನ್ನ ಬೈಬ್ಯಾಡಿ! ಬಿಗಿ ಮಾಡಿದ್ದು ನಾನು,” ಎಂದೆ. ಅಷ್ಟಕ್ಕೇ ನಿಲ್ಲುತ್ತದೆಯೇ? “ನಮ್ಮಪ್ಪನ ಕಾರನ್ನ ಯಾರನ್ನ ಕೇಳಿ ಪಂಥಕ್ಕಿಟ್ರಿ? ನನ್ನ ಕಾಗದ ಯಾರನ್ನ ಕೇಳಿ ಅದ್ರೊಳಕ್ಕೆ ತೂರಿಸಿದ್ರಿ?” ಹನ್ನೆರಡು ವರ್ಷದ್ದು ಒಂದೇ ಉಸಿರಿಗೆ ಬಂತು. ಮಗ್ಗಿ ಹೇಳಿಸುವ ಗಂಟಲು, ಕೆರೆ ಏರಿಯವರೆಗೂ ಕೇಳಿಸಿತಂತೆ.

ರೆಡ್ಡಿ ಎರಡೂ ಕೈ ಎತ್ತಿ ಮುಗಿದ. “ಅಯ್ಯೋ ದೇವುಡಾ! ಇದು ಮೇಡಂ ಕಾರಾ? ನಾಕು ವದ್ದು ಬಾಬೂ, ನಂಗೀ ಕಾರು ಬ್ಯಾಡ! ಪಂಥ ಬ್ಯಾಡ, ಸುಮ್ನೆ ಓಡ್ಸಿ ನೋಡಾನ.”

ಸಾಬರು ಬಿಸಿ ಇಂಜಿನ್ನಿನ ಮೇಲೇ ಕೈ ಸುಟ್ಟುಕೊಂಡು ಸಂದು ಸರಿಮಾಡಿದರು. ಗಾಡಿ ಟಕಟಕ ಎಂದಿತು. ಎರಡು ಕಾರೂ ಹೊರಟವು. ಗೆದ್ದವನು ರೆಡ್ಡಿ, ಅರ್ಧ ಕಾರಿನಷ್ಟು ಮುಂದೆ. ಎಲ್ಲ ಸರಿಮಾಡಿಯೂ ಸೋತೆವು. ಅಂದು ನಾನು ಬಾಯಿ ಮುಚ್ಚಿಕೊಂಡಿದ್ದರೆ ಅಪ್ಪನ ಕಾರು ಪಾವಗಡದ ದಾರಿ ಹಿಡಿಯುತ್ತಿತ್ತು.

ಮನೆಗೆ ಬಂದ ಮೇಲೆ ಯಜಮಾನರು ಮೊದಲು ಸಾಬರಿಗೆ ತಪ್ಪಾಯಿತೆಂದು ಕಾಗದ ಬರೆದರು; ಬರೆಸಿದವಳು ನಾನು. ಆಮೇಲೆ ಮೆತ್ತಗೆ, “ಹಳೇ ಹೈಡ್ರಾಲಿಕ್ಕೇ ಹಾಕಿಸ್ಬುಡಾನ?” ಎಂದರು. ಬೇಡ ಎಂದೆ. ಎಲ್ಲ ಸಂದಿಗೂ ತನ್ನ ಎಣ್ಣೆಯನ್ನೇ ತುಂಬಿಕೊಂಡು ಸುಮ್ಮನಿರುವ ಕೆಲಸ ಒಂದು ಮನೆಗೆ ಹನ್ನೆರಡು ವರ್ಷ ಸಾಕು.

ಈಗ ನಾನು ಕೂಗಾಡಿದರೆ ಅವರು ಆರಾಮಾಗಿ ಪೇಪರು ಓದುತ್ತಾರೆ. ಎರಡು ದಿನ ಸುಮ್ಮನಿದ್ದರೆ ಮಾತ್ರ ಗಾಬರಿಯಾಗಿ ಎದ್ದು ಸ್ಪ್ಯಾನರ್ ಹುಡುಕುತ್ತಾರೆ.